ದೆನ್ಶವಾಯಿಯ ಪಾರಿವಾಳಗಳು

ಹೋದ ವರ್ಷ ಜನವರಿಯಲ್ಲಿ ಕಾಫಿ ಕೊಯ್ಲಿಗೆಂದು ಊರಿಗೆ ಹೋಗಿದ್ದೆ. ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ತೋಟ. ಶನಿವಾರ ಮಧ್ಯಾಹ್ನ ಅಮ್ಮ ಕಣದಲ್ಲಿ ಹರವಿದ್ದ ಕಾಫಿಯನ್ನು ಕೈಯಾಡಿಸುತ್ತಿದ್ದರು. ನಾನು ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓದುವವರ ಹಾಗೆ ಕೂತಿದ್ದೆ. ಮೇಲಿನ ತೋಟದ ಕಡೆಯಿಂದ ಒಂದು ಈಡಿನ ಸದ್ದು ಕೇಳಿತು. ಮಲೆನಾಡಿನಲ್ಲಿ ಬೆಳೆದವರಿಗೆ ಇದೇನೂ ಹೊಸದಲ್ಲ. ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ಎಷ್ಟೋ ಮನೆಗಳಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅವನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ಬಿಡಿಸಿಕೊಂಡು ಬರುವುದು ನಮ್ಮ ಕಡೆಯ ಒಂದು ಕೆಲಸ. ಮಂಗ ಓಡಿಸಲು ಹೊಡೆದಿರಬೇಕು ಅಂದುಕೊಂಡೆ. ಆದರೆ ಒಂದಕ್ಕೆ ನಿಲ್ಲಲಿಲ್ಲ. ಇನ್ನೊಂದು ಈಡು, ಒಂದಷ್ಟು ನಗು, ಚಪ್ಪಾಳೆ, ಮತ್ತೆ ಈಡು. ಸ್ವಲ್ಪ ಹೊತ್ತಿಗೆ ಕಣದ ಪಕ್ಕದ ತಗಡಿನ ಮಾಡಿನ ಮೇಲೆ ಯಾರೋ ಒಂದು ಹಿಡಿ ರಾಗಿ ಎರಚಿದಂತೆ ಚರಚರ ಸದ್ದಾಯಿತು. ಅಮ್ಮ ತಲೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜಗಲಿಗೆ ಬಂದರು. ಕಾಫಿಯ ನಡುವೆ ಹುಡುಕಿದರೆ ಎರಡು ಸೀಸದ ಚರೆ ಸಿಕ್ಕವು.

ಅಪ್ಪ ಮೇಲಿನ ತೋಟಕ್ಕೆ ಹೋದರು. ನಾನೂ ಹಿಂದೆ ಹೋದೆ. ಬೆಂಗಳೂರಿನಿಂದ ಬಂದ ಅತಿಥಿಗಳು ಬೇಲಿಯ ಉದ್ದಕ್ಕೆ ಖಾಲಿ ಬಾಟಲಿ ಜೋಡಿಸಿಕೊಂಡು ಹೊಡೆಯುತ್ತಿದ್ದರು. ಬೇಲಿಯ ಈಚೆಗೆ ಇಳಿಜಾರು, ಇಳಿಜಾರಿನ ಬುಡದಲ್ಲಿ ನಮ್ಮ ಕಣ.

"ಸಾಹುಕಾರ್ರೇ, ಚರೆ ನಮ್ಮ ಕಣಕ್ಕೆ ಬೀಳ್ತಾ ಇದೆ," ಅಂದರು ಅಪ್ಪ.

"ಅಯ್ಯೋ, ಹುಡುಗ್ರು ಸುಮ್ನೆ ಆಟಕ್ಕೆ ಹೊಡೀತಾ ಇದಾರೆ ಕಣ್ರೀ. ಯಾರಿಗೂ ಏನೂ ಆಗಿಲ್ವಲ್ಲ?"

ಅಪ್ಪನ ಬಳಿ ಉತ್ತರ ಇರಲಿಲ್ಲ, ಯಾಕೆಂದರೆ ಯಾರಿಗೂ ಏನೂ ಆಗಿರಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆವು.

ನನ್ನ ಪಿಎಚ್‌ಡಿಯ ವಿಷಯ ವಸಾಹತು ಕಾಲದ ಆಯುಧ ಕಾನೂನುಗಳು. ಯಾರ ಕೈಯಲ್ಲಿ ಬಂದೂಕು ಇರಬಹುದು, ಯಾರ ಕೈಯಲ್ಲಿ ಇರಬಾರದು ಎಂದು ಹತ್ತೊಂಬತ್ತನೇ ಶತಮಾನದ ಸರ್ಕಾರ ಹೇಗೆ ತೀರ್ಮಾನಿಸಿತು ಎನ್ನುವುದನ್ನು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಆ ಎರಡು ಚರೆಕಾಳುಗಳನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ಮಾತ್ರ ಹೊಳೆಯಿತು: ನಾನು ಇಷ್ಟೂ ದಿನ ಓದಿದ್ದು ಕೋವಿಯ ಹಿಂಬದಿಯನ್ನು. ನಳಿಗೆಯ ಮುಂದೆ ಯಾರಿದ್ದರು, ಅವರ ಕಣ ಎಲ್ಲಿತ್ತು, ಹೋಗಿ ಹೇಳಿದಾಗ ಅವರಿಗೆ ಏನು ಉತ್ತರ ಸಿಕ್ಕಿತು ಎಂದು ಕೇಳಿರಲೇ ಇಲ್ಲ. ಆಗ ನೆನಪಾದದ್ದು ಈಜಿಪ್ಟಿನ ಒಂದು ಹಳ್ಳಿ. ಎಂ.ಎ. ಓದುವಾಗ ಬರ್ನಾರ್ಡ್ ಶಾನ ನಾಟಕವೊಂದರ ಮುನ್ನುಡಿಯಲ್ಲಿ ಅದರ ಹೆಸರು ನೋಡಿ ಪುಟ ತಿರುವಿದ್ದೆ. ಈ ಸಲ ತಿರುವಲಿಲ್ಲ.

ದೆನ್ಶವಾಯಿ ನೈಲ್ ನದಿಯ ಮುಖಜಭೂಮಿಯಲ್ಲಿ, ಮನೂಫಿಯಾ ಪ್ರಾಂತ್ಯದಲ್ಲಿರುವ ಊರು. ಮುಖಜಭೂಮಿಯ ಹಳ್ಳಿಗಳಲ್ಲಿ ಪಾರಿವಾಳ ಸಾಕುವುದು ಒಂದು ಕಸುಬು. ಮಣ್ಣಿನಿಂದ ಕಟ್ಟಿದ, ಮೈತುಂಬ ತೂತುಗಳಿರುವ ಗೋಪುರಗಳು ಅಲ್ಲಿಯ ಹಳ್ಳಿಗಳ ಗುರುತು. ದೂರದಿಂದ ನೋಡಿದರೆ ನಮ್ಮ ಕಡೆಯ ದೊಡ್ಡ ಹುತ್ತಗಳ ಹಾಗೆ ಕಾಣುತ್ತವೆ. ಹಕ್ಕಿಗಳು ಬೆಳಿಗ್ಗೆ ಹೊಲಗಳಿಗೆ ಹಾರಿಹೋಗಿ ಮೇಯ್ದು ಸಂಜೆ ಗೂಡಿಗೆ ಮರಳುತ್ತವೆ. ಮರಿ ಅಡುಗೆಗೆ, ಮಾರಾಟಕ್ಕೆ. ಹಿಕ್ಕೆ ಹೊಲಕ್ಕೆ ಗೊಬ್ಬರ. ಹಗ್ಗ ಇಲ್ಲ, ಬೇಲಿ ಇಲ್ಲ, ಆದರೂ ಪ್ರತಿ ಹಕ್ಕಿಗೂ ಒಂದು ಮನೆ ಇದೆ. ಇದು ಊರಿನವರಿಗೆ ಗೊತ್ತು. ಹೊರಗಿನವನ ಕಣ್ಣಿಗೆ ಮಾತ್ರ ಆಕಾಶದಲ್ಲಿ ಹಾರುತ್ತಿರುವುದು ಬರೀ ಹಕ್ಕಿ.

1882ರಿಂದ ಈಜಿಪ್ಟು ಬ್ರಿಟಿಷ್ ಸೇನೆಯ ಹಿಡಿತದಲ್ಲಿತ್ತು. ಹೆಸರಿಗೆ ಖೆದೀವನ ಆಳ್ವಿಕೆ, ನಿಜವಾದ ಅಧಿಕಾರ ಕೈರೋದಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಲಾರ್ಡ್ ಕ್ರೋಮರನದು. 1906ರ ಜೂನ್‌ನಲ್ಲಿ ಬ್ರಿಟಿಷ್ ಸೇನೆಯ ಒಂದು ತುಕಡಿ ಕೈರೋದಿಂದ ಅಲೆಕ್ಸಾಂಡ್ರಿಯಾದ ಕಡೆಗೆ ನಡೆದು ಹೋಗುತ್ತ ದಾರಿಯಲ್ಲಿ ಬೀಡುಬಿಟ್ಟಿತು. ಜೂನ್ 13ರಂದು ಐವರು ಅಧಿಕಾರಿಗಳು ಪಾರಿವಾಳ ಹೊಡೆಯಲು ಹೊರಟರು: ಮೇಜರ್ ಪೈನ್-ಕಾಫಿನ್, ಕ್ಯಾಪ್ಟನ್ ಬುಲ್, ಕ್ಯಾಪ್ಟನ್ ಬೋಸ್ಟಾಕ್, ಲೆಫ್ಟಿನೆಂಟ್ ಪೋರ್ಟರ್, ಲೆಫ್ಟಿನೆಂಟ್ ಸ್ಮಿತ್‌ವಿಕ್. ಆ ಭಾಗದ ದೊಡ್ಡ ಜಮೀನುದಾರರೊಬ್ಬರು ಗಾಡಿಗಳನ್ನು ಕಳಿಸಿದ್ದರು. ದೊಡ್ಡವರ ಅತಿಥಿಗಳು ಅನ್ನಿ.

ಹಿಂದಿನ ವರ್ಷವೂ ಅಲ್ಲಿ ಬೇಟೆ ನಡೆದಿತ್ತು, ಊರಿನವರು ಆಗಲೇ ತಕರಾರು ಎತ್ತಿದ್ದರು. ಹಳ್ಳಿಯಲ್ಲಿ ಹೀಗೆ ಹಕ್ಕಿ ಹೊಡೆಯುವುದಕ್ಕೆ ಉಮ್ದಾ, ಅಂದರೆ ಊರ ಪಟೇಲನ ಒಪ್ಪಿಗೆ ಬೇಕಿತ್ತು. ಅವತ್ತು ಉಮ್ದಾ ಊರಲ್ಲಿರಲಿಲ್ಲ. ಹಸನ್ ಮಹಫೂಜ್ ಎಂಬ ವೃದ್ಧ, ಸ್ವತಃ ಪಾರಿವಾಳ ಸಾಕಿದವನು, ಇಲ್ಲಿ ಹೊಡೆಯಬೇಡಿ ಎಂದು ದುಭಾಷಿಯ ಮೂಲಕ ಎಚ್ಚರಿಸಿದ. ಅಧಿಕಾರಿಗಳು ಎರಡು ಗುಂಪಾಗಿ ನಿಂತು ಹೊಡೆಯಲು ಶುರುಮಾಡಿದರು.

ಜೂನ್ ಅಲ್ಲಿ ಗೋಧಿ ಒಕ್ಕಣೆಯ ಕಾಲ. ನೊರಗ್ ಎಂಬ ಚಕ್ರಗಳುಳ್ಳ ಮರದ ಬಂಡಿಯನ್ನು ಎತ್ತುಗಳಿಗೆ ಕಟ್ಟಿ ಹರವಿದ ಗೋಧಿಯ ಮೇಲೆ ಸುತ್ತಿಸುತ್ತಾರೆ. ನಮ್ಮ ಬಯಲುಸೀಮೆಯ ರೋಣಗಲ್ಲಿನ ದೂರದ ನೆಂಟ. ಕಣದ ತುಂಬ ಒಣಗಿದ ಹುಲ್ಲು, ಕಾಳು, ದನ, ಹೆಂಗಸರು, ಮಕ್ಕಳು. ನಡುಹಗಲ ಬಿಸಿಲು. ಅಂಥ ಹೊತ್ತಿನಲ್ಲಿ ಒಂದು ಕಣಕ್ಕೆ ಬೆಂಕಿ ಬಿತ್ತು. ಕೋವಿಯಿಂದಲೇ ಬಿತ್ತು ಎಂದು ಊರಿನವರು ಕೂಗಿಕೊಂಡು ಓಡಿ ಬಂದರು. ಕೋವಿ ಕಸಿದುಕೊಳ್ಳಲು ಹೋದಾಗ ನೂಕಾಟ, ಎಳೆದಾಟ. ಈಡು ಹಾರಿತು. ಅಬ್ದುಲ್ ನಬಿ ಎಂಬವನ ಹೆಂಡತಿ ಗಾಯಗೊಂಡು ಬಿದ್ದಳು, ಇನ್ನೂ ಕೆಲವರಿಗೆ ಚರೆ ತಾಗಿತು. ಅವಳು ಸತ್ತಳೆಂದೇ ಊರಿನವರು ತಿಳಿದರು. ಮುಂದಿನದು ದೊಣ್ಣೆ, ಕಲ್ಲು, ಇಟ್ಟಿಗೆ. ಅಧಿಕಾರಿಗಳು ಕೋವಿಗಳನ್ನು ಒಪ್ಪಿಸಿದರೂ ಏಟು ನಿಲ್ಲಲಿಲ್ಲ. ಪೈನ್-ಕಾಫಿನ್‌ನ ಕೈ ಮುರಿಯಿತು. ಬುಲ್ ಮತ್ತು ಬೋಸ್ಟಾಕ್ ಬೀಡಿನ ಕಡೆಗೆ ಓಡಿದರು. ಬೋಸ್ಟಾಕ್ ತಲುಪಿದ. ತಲೆಗೆ ಪೆಟ್ಟು ತಿಂದಿದ್ದ ಬುಲ್ ಉರಿಬಿಸಿಲಿನಲ್ಲಿ ಮೈಲಿಗಟ್ಟಲೆ ಓಡಿ ಸರ್ಸಿನಾ ಎಂಬ ಹಳ್ಳಿಯ ಬಳಿ ಕುಸಿದ, ಅವತ್ತೇ ಸತ್ತ. ತಲೆಯ ಪೆಟ್ಟಿನ ಮೇಲೆ ಬಿಸಿಲಿನ ಹೊಡೆತ ಬಿದ್ದು ಸಾವು ಬಂತು ಎಂದರು ವೈದ್ಯರು.

ಇಲ್ಲಿ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ಬಿದ್ದಿದ್ದ ಬುಲ್‌ನ ಹತ್ತಿರ ಸಹಾಯಕ್ಕೆಂದು ಬಂದವನೊಬ್ಬ ಹಳ್ಳಿಗ. ಅಷ್ಟರಲ್ಲಿ ಬೀಡಿನಿಂದ ಹುಡುಕಿಕೊಂಡು ಬಂದ ಸೈನಿಕರು ಇವನೇ ಕೊಂದವನೆಂದು ತಿಳಿದು ಅವನನ್ನು ಹೊಡೆದು ಕೊಂದರು. ಆ ಸಾವಿಗೆ ಯಾರ ಮೇಲೂ ವಿಚಾರಣೆ ನಡೆಯಲಿಲ್ಲ. ಬುಲ್‌ನ ಸಾವಿನ ಬಗ್ಗೆ ಪುಟಗಟ್ಟಲೆ ದಾಖಲೆ ಇದೆ; ಇವನದು ಒಂದೆರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ದಾಖಲೆಗಳ ಜೊತೆ ಕೆಲಸ ಮಾಡುವವರಿಗೆ ಇದು ಅಭ್ಯಾಸವಾಗಬೇಕು ಅನ್ನುತ್ತಾರೆ ನನ್ನ ಮಾರ್ಗದರ್ಶಕರು. ನನಗಿನ್ನೂ ಆಗಿಲ್ಲ.

ಮೊಕದ್ದಮೆ ಸಾಮಾನ್ಯ ಕೋರ್ಟಿಗೆ ಹೋಗಲಿಲ್ಲ. ಬ್ರಿಟಿಷ್ ಸೈನಿಕರ ಮೇಲೆ ಕೈಮಾಡಿದವರ ವಿಚಾರಣೆಗೆಂದೇ 1895ರಲ್ಲಿ ಒಂದು ಆಜ್ಞೆಯ ಮೂಲಕ ವಿಶೇಷ ನ್ಯಾಯಮಂಡಳಿಯ ಏರ್ಪಾಡು ಆಗಿತ್ತು. ಅದಕ್ಕೆ ದಂಡಸಂಹಿತೆಯ ಕಟ್ಟುಪಾಡಿಲ್ಲ, ಅದರ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಐವರು ಸದಸ್ಯರಲ್ಲಿ ಮೂವರು ಇಂಗ್ಲಿಷರು, ಇಬ್ಬರು ಈಜಿಪ್ಟಿನವರು. ಅಧ್ಯಕ್ಷ ಬುತ್ರೋಸ್ ಘಾಲಿ ಪಾಶಾ, ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದ ಬುತ್ರೋಸ್ ಬುತ್ರೋಸ್-ಘಾಲಿಯವರ ಅಜ್ಜ. ಇನ್ನೊಬ್ಬ ಅಹ್ಮದ್ ಫತ್ಹಿ ಜಘ್ಲೂಲ್, ರಾಷ್ಟ್ರನಾಯಕ ಸಾದ್ ಜಘ್ಲೂಲರ ತಮ್ಮ. ಶಾಸನ ಹೇಗಿರಬೇಕೆಂದು ಜೆರೆಮಿ ಬೆಂಥಮ್ ಬರೆದದ್ದನ್ನು ಅರಬ್ಬಿ ಓದುಗರಿಗೆ ತಂದುಕೊಟ್ಟವನು ಇದೇ ಫತ್ಹಿ ಜಘ್ಲೂಲ್. ಅನುವಾದಕರಿಗೆ ತಾವು ಅನುವಾದಿಸಿದ ಪುಸ್ತಕ ಎಷ್ಟು ಅಂಟಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಸಾಹಿತ್ಯದ ಗೆಳೆಯರಿಗೆ ಬಿಡುತ್ತೇನೆ.

ಜೂನ್ 24ರಂದು ಶಿಬೀನ್ ಅಲ್-ಕೋಮ್ ಪಟ್ಟಣದಲ್ಲಿ ವಿಚಾರಣೆ ಶುರುವಾಯಿತು. ಆರೋಪಿಗಳು 52 ಜನ. 27ಕ್ಕೆ ತೀರ್ಪು. ಸರ್ಕಾರದ ಪರ ವಾದಿಸಿದ ಇಬ್ರಾಹಿಂ ಅಲ್-ಹಿಲ್ಬಾವಿ ಆ ಕಾಲದ ಹೆಸರಾಂತ ವಕೀಲ. ಊರಿನವರು ಮೊದಲೇ ಸಂಚು ಮಾಡಿ ಕಾದಿದ್ದರು ಎಂಬುದು ಆತನ ವಾದ. ಹಾಗೆ ನೋಡಿದರೆ ಹಿಂದಿನ ವರ್ಷದ ತಕರಾರು ಊರಿನವರ ಪರವಾಗಿ ನಿಲ್ಲಬೇಕಿತ್ತು. ನಾವು ಆಗಲೇ ಹೇಳಿದ್ದೆವು ಎಂಬುದಕ್ಕೆ ಅದು ಸಾಕ್ಷಿ. ಆದರೆ ಸಂಚಿನ ಕನ್ನಡಕ ಹಾಕಿಕೊಂಡು ನೋಡಿದರೆ ಅದೇ ತಕರಾರು ಹಳೆಯ ದ್ವೇಷದ ಗುರುತಾಗುತ್ತದೆ. ನೆರೆಯವನಿಗೆ ಮುಂಚೆಯೇ ಎಚ್ಚರಿಕೆ ಹೇಳಿದವನ ಮೇಲೇ ಮುಂದೆ ಅನುಮಾನ ಬೀಳುವ ಈ ತಿರುವು ಕೋರ್ಟುಗಳಿಗೆ ಮಾತ್ರ ಸೀಮಿತವಲ್ಲ.

ಶಿಕ್ಷೆಯಾದದ್ದು 21 ಮಂದಿಗೆ. ಹಸನ್ ಮಹಫೂಜ್, ಯೂಸುಫ್ ಸಲೀಂ, ಸಯ್ಯದ್ ಈಸಾ ಸಲೀಂ, ಮಹಮ್ಮದ್ ದರ್ವೀಶ್ ಜಹ್ರಾನ್, ಈ ನಾಲ್ವರಿಗೆ ಗಲ್ಲು. ಇಬ್ಬರಿಗೆ ಜೀವಾವಧಿ. ಒಬ್ಬನಿಗೆ 15 ವರ್ಷ, ಆರು ಜನಕ್ಕೆ 7 ವರ್ಷ, ಮೂವರಿಗೆ ಒಂದು ವರ್ಷದ ಜೊತೆ 50 ಛಡಿಯೇಟು, ಐವರಿಗೆ ಬರೀ 50 ಛಡಿಯೇಟು. ಜೀವಾವಧಿಯಾದ ಇಬ್ಬರಲ್ಲಿ ಒಬ್ಬ ಅಬ್ದುಲ್ ನಬಿ, ಕಣದಲ್ಲಿ ಗಾಯಗೊಂಡು ಬಿದ್ದವಳ ಗಂಡ. ಅವಳ ಗಾಯ ಅಷ್ಟೇನೂ ದೊಡ್ಡದಲ್ಲ ಎನ್ನುವುದು ಅಧಿಕಾರಿಗಳ ಕಡೆಯ ಮಾತಾಗಿತ್ತು. ಇದನ್ನು ಓದಿದಾಗ ನನಗೆ ಮೇಲಿನ ತೋಟದ ಜಗಲಿಯ ಮೇಲೆ ಕಾಫಿ ಲೋಟ ಹಿಡಿದುಕೊಂಡು ಕೂತ ಅಪ್ಪನ ಮುಖ ನೆನಪಾಯಿತು. ಹೋಲಿಕೆ ಅತಿಯಾಯಿತು ಎಂದು ಗೊತ್ತು. ಎಲ್ಲಿಯ ಗಲ್ಲು, ಎಲ್ಲಿಯ ಎರಡು ಚರೆಕಾಳು. ಆದರೂ ಎರಡೂ ಕಡೆ ಪ್ರಶ್ನೆ ಒಂದೇ: ಎಷ್ಟು ಗಾಯ? ಕೋವಿ ಯಾವ ಕಡೆಗೆ ಮುಖ ಮಾಡಿತ್ತು ಎಂದು ಯಾರೂ ಕೇಳುವುದಿಲ್ಲ.

ಜೂನ್ 28ರಂದು ಶಿಕ್ಷೆ ಜಾರಿಯಾಯಿತು. ಪಟ್ಟಣದ ಜೈಲಿನಲ್ಲಲ್ಲ, ದೆನ್ಶವಾಯಿಯಲ್ಲೇ, ಘಟನೆ ನಡೆದ ಹೊತ್ತಿಗೇ ಸರಿಯಾಗಿ, ಮನೆಯವರೆಲ್ಲ ನೋಡುತ್ತಿದ್ದಂತೆ. ಒಬ್ಬನನ್ನು ನೇಣಿಗೇರಿಸುವುದು, ದೇಹ ತೂಗುತ್ತಿರುವಾಗಲೇ ಅದರ ಎದುರು ಇಬ್ಬರಿಗೆ ಛಡಿಯೇಟು, ಆಮೇಲೆ ಮುಂದಿನವನು. ಹಸನ್ ಮಹಫೂಜ್‌ನ ಸರದಿ ಮೊದಲು ಬಂತು.

ಬೇಟೆಗೆ ಹೋಗಿದ್ದ ಅಧಿಕಾರಿಗಳಿಗೆ ಶಿಕ್ಷೆಯ ಮಾತೇ ಬರಲಿಲ್ಲ. ಆದರೆ ಇನ್ನು ಮುಂದೆ ಪಾರಿವಾಳ ಹೊಡೆಯಕೂಡದೆಂದು ಸೇನೆಯ ಆದೇಶವೊಂದು ಹೊರಬಿತ್ತು. ನಾನು ಓದಿದ ವಸಾಹತು ದಾಖಲೆಗಳಲ್ಲೆಲ್ಲ ನನಗೆ ಅತಿ ವಿಚಿತ್ರವಾಗಿ ಕಂಡದ್ದು ಇದು. ಯಾವ ಮಾತನ್ನು ಹೇಳಿದ್ದಕ್ಕೆ ಮುದುಕನೊಬ್ಬ ತಕರಾರುಗಾರ ಅನ್ನಿಸಿಕೊಂಡನೋ, ಅದೇ ಮಾತು ಎರಡು ಸಾಲಿನ ಸರ್ಕಾರಿ ಆದೇಶವಾಗಿ ಬಂತು.

ಸುದ್ದಿ ಲಂಡನ್, ಪ್ಯಾರಿಸ್ ತಲುಪಲು ತಡವಾಗಲಿಲ್ಲ. ಮುಸ್ತಫಾ ಕಾಮಿಲ್ ಎಂಬ ಮೂವತ್ತೊಂದರ ರಾಷ್ಟ್ರವಾದಿ ಫ್ರಾನ್ಸಿನ ಲೆ ಫಿಗಾರೋ ಪತ್ರಿಕೆಯಲ್ಲಿ ಜುಲೈನಲ್ಲಿ ಬರೆದ. ಕವಿ ವಿಲ್ಫ್ರಿಡ್ ಬ್ಲಂಟ್ ಅದೇ ವರ್ಷ ಒಂದು ಕಿರುಹೊತ್ತಗೆ ಹೊರತಂದ. ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಸಂಸತ್ತಿನಲ್ಲಿ ತೀರ್ಪನ್ನು ಸಮರ್ಥಿಸಿಕೊಂಡು ಈಜಿಪ್ಟಿನಲ್ಲಿ ಹರಡುತ್ತಿರುವ ಮತಾಂಧತೆಯ ಮಾತಾಡಿದ. ಒಂದು ಊರಿನವರು ನಮ್ಮ ಹಕ್ಕಿ, ನಮ್ಮ ಕಣ ಅಂದದ್ದು ಲಂಡನ್ ಮುಟ್ಟುವ ಹೊತ್ತಿಗೆ ಮತಾಂಧತೆಯಾಗಿತ್ತು.

1907ರಲ್ಲಿ ಪ್ರಕಟವಾದ ಜಾನ್ ಬುಲ್ಸ್ ಅದರ್ ಐಲೆಂಡ್ ನಾಟಕದ ಮುನ್ನುಡಿಯಲ್ಲಿ ಶಾ ಇದನ್ನು ವಿವರವಾಗಿ ತೆಗೆದುಕೊಂಡ. ನಾಟಕ ಐರ್ಲೆಂಡಿನದು, ಈಜಿಪ್ಟಿಗೂ ಅದಕ್ಕೂ ಸಂಬಂಧ ಇಲ್ಲ ಎಂದು ವಿದ್ಯಾರ್ಥಿಯಾಗಿದ್ದಾಗ ನಾನು ಪುಟ ತಿರುವಿದ್ದು ಅದಕ್ಕೇ. ಶಾ ಇಂಗ್ಲಿಷ್ ಓದುಗನಿಗೆ ಒಂದು ಕಲ್ಪನೆ ಮಾಡಿಕೊಳ್ಳಲು ಹೇಳುತ್ತಾನೆ: ನಿನ್ನ ಹಳ್ಳಿಗೆ ಚೀನಾದ ಅಧಿಕಾರಿಗಳು ಬಂದು, ಬಾತು ಕೋಳಿಗಳನ್ನೆಲ್ಲ ಕಾಡುಹಕ್ಕಿ ಎಂದು ಹೊಡೆದುಕೊಂಡು ಹೋಗುತ್ತ, ರೈತರ ಸಿಟ್ಟು ಬರೀ ಚೀನೀ ದ್ವೇಷ ಎಂದರೆ ಹೇಗಿರುತ್ತದೆ? ಹಾಸ್ಯಗಾರನ ಉಪಾಯ ಇದು. ಆದರೆ ಮೊಕದ್ದಮೆಯ ಗಂಟನ್ನು ಆತ ಸರಿಯಾಗಿ ಹಿಡಿದಿದ್ದಾನೆ. ಹಕ್ಕಿ ಕಾಡಿನದೋ ಮನೆಯದೋ ಎಂದು ಹೇಳುವ ಅಧಿಕಾರ ಯಾರದು ಎಂಬುದೇ ಅಲ್ಲಿದ್ದ ಜಗಳ. ಬಂದೂಕು ಹಿಡಿದವನು ತನ್ನ ಎದುರಿನ ಜಾಗ ಖಾಲಿ ಎಂದು ಮೊದಲೇ ತೀರ್ಮಾನಿಸಿಕೊಂಡಿರುತ್ತಾನೆ. ಹಳ್ಳಿ ಅವನ ಪಾಲಿಗೆ ಹಿನ್ನೆಲೆ.

ನಮ್ಮ ಕಡೆಗೆ ಬರುವ ದಾರಿ ಕ್ರೋಮರನಿಂದಲೇ ಇದೆ. ಈಜಿಪ್ಟಿಗೆ ಹೋಗುವ ಮೊದಲು ಆತ ಬರೀ ಎವ್ಲಿನ್ ಬೇರಿಂಗ್. 1872ರಿಂದ ನಾಲ್ಕು ವರ್ಷ ತನ್ನ ಸಂಬಂಧಿ ವೈಸ್‌ರಾಯ್ ನಾರ್ತ್‌ಬ್ರೂಕ್‌ನ ಖಾಸಗಿ ಕಾರ್ಯದರ್ಶಿ, 1880ರಿಂದ 83ರವರೆಗೆ ವೈಸ್‌ರಾಯ್ ಪರಿಷತ್ತಿನಲ್ಲಿ ಹಣಕಾಸು ಸದಸ್ಯ. ಆಗ ರಿಪನ್‌ನ ಉದಾರವಾದಿ ಬಳಗದವನೆಂದೇ ಹೆಸರು. ಆತ ಇಲ್ಲಿದ್ದ ಕಾಲದಲ್ಲಿ ಜಾರಿಯಲ್ಲಿದ್ದದ್ದು ಲಿಟ್ಟನ್ ತಂದ 1878ರ ಆಯುಧ ಕಾಯ್ದೆ. ಭಾರತೀಯನಿಗೆ ಬಂದೂಕು ಬೇಕೆಂದರೆ ಪರವಾನಗಿ, ಯುರೋಪಿಯನ್ನನಿಗೆ ವಿನಾಯಿತಿ. ಸಾಮಾನ್ಯ ಸೈನಿಕರಿಗೂ ರಜೆಯಲ್ಲಿ ಬೇಟೆಗೆ ಹೋಗಲು ಶೂಟಿಂಗ್ ಪಾಸ್ ಸಿಗುತ್ತಿತ್ತು. ಊರ ಪವಿತ್ರ ನವಿಲನ್ನೋ, ಕೆರೆಯ ಹಕ್ಕಿಯನ್ನೋ ಹೊಡೆದದ್ದಕ್ಕೆ ಹಳ್ಳಿಗರು ಮುತ್ತಿಗೆ ಹಾಕುವುದು, ಈಡು ಹಾರಿ ಯಾರಿಗೋ ತಾಗುವುದು, ಇವು ಆ ಕಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ದೆನ್ಶವಾಯಿಯ ಕಥೆಗೆ ಬೇಕಾದ ಎಲ್ಲ ಸಾಮಗ್ರಿಯೂ ಭಾರತದ ಹಳ್ಳಿಗಳಲ್ಲಿತ್ತು. ಎಲಿಜಬೆತ್ ಕೋಲ್ಸ್ಕಿಯವರು 2010ರಲ್ಲಿ ಪ್ರಕಟಿಸಿದ ವಸಾಹತು ನ್ಯಾಯದ ಕುರಿತ ಪುಸ್ತಕ ಓದಿದವರಿಗೆ, ಬಿಳಿಯರ ಕೈಯಲ್ಲಿ ಭಾರತೀಯರು ಸತ್ತ ಪ್ರಕರಣಗಳು ಎಷ್ಟು ಸುಲಭವಾಗಿ ಆಕಸ್ಮಿಕಗಳಾಗುತ್ತಿದ್ದವು ಎಂಬುದು ಗೊತ್ತಿರುತ್ತದೆ.

ಇದೇ ವಿನಾಯಿತಿಯ ಇತಿಹಾಸದಲ್ಲಿ ಕೊಡಗೂ ಬರುತ್ತದೆ. 1857ರ ದಂಗೆಯ ನಂತರ ದೇಶವಿಡೀ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡಗರನ್ನು ಅದರಿಂದ ಹೊರಗಿಟ್ಟ. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಸತ್ತ, ಈಜಿಪ್ಟಿನ ನೆಲದಲ್ಲೇ. ಆ ವಿನಾಯಿತಿ ರೂಪ ಬದಲಿಸುತ್ತ ಇಂದಿಗೂ ಉಳಿದಿದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಜಾತಿ, ಕುಲ ನೋಡಿ ಬಂದೂಕು ಕೊಡುವ ತರ್ಕ ವಸಾಹತಿನದು ಎಂಬ ನನ್ನ ಅನುಮಾನ ಇದ್ದೇ ಇದೆ, ಪ್ರಬಂಧದಲ್ಲಿ ಅದನ್ನೇ ಬರೆಯುತ್ತಿದ್ದೇನೆ. ಹಾಗಿದ್ದೂ, ಕೈಲ್‌ಪೊಳ್ದ್ ಹಬ್ಬಕ್ಕೆ ಕರೆದ ಗೆಳತಿಯ ಮನೆಯಲ್ಲಿ ಕಂಡ ಒಂದು ಸಂಗತಿ ಹೇಳದಿದ್ದರೆ ತಪ್ಪಾಗುತ್ತದೆ. ತೋಕ್‌ಪೂ ಮುಡಿಸಿದ ಕೋವಿಗಳನ್ನು ಪೂಜೆಗಿಟ್ಟು, ಆಮೇಲೆ ಮೈದಾನದಲ್ಲಿ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಹೊಡೆಯುವವನ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಕಾಯಿಯನ್ನು ನೋಡುತ್ತಲೇ ಇರಲಿಲ್ಲ. ಅವರ ಕಣ್ಣೆಲ್ಲ ಮರದ ಹಿಂದಿನ ದಾರಿಯ ಮೇಲೆ. ಯಾರೋ ಹೆಂಗಸು ಕೊಡೆ ಹಿಡಿದು ಆ ಕಡೆ ಬರುವುದು ಕಂಡದ್ದೇ ಕೈಯೆತ್ತಿದರು, ಆಟ ನಿಂತಿತು. ಆಟವೆಂದರೆ ಅದೂ ಆಟವೇ.

ದೆನ್ಶವಾಯಿಯ ಮುಂದಿನ ಕಥೆ ಬೇಗ ಹೇಳಬಹುದು. ಕ್ರೋಮರ್ 1907ರಲ್ಲಿ ಹುದ್ದೆ ಬಿಟ್ಟು ಹೋದ; ಅನಾರೋಗ್ಯ ಎಂಬುದು ಕಾರಣ. ಜೈಲಿನಲ್ಲಿದ್ದವರು 1908ರ ಜನವರಿಯಲ್ಲಿ ಬಿಡುಗಡೆಯಾದರು. ಮರುತಿಂಗಳೇ ಮುಸ್ತಫಾ ಕಾಮಿಲ್ ತೀರಿಕೊಂಡ. ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧಿ ಆ ವರ್ಷ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಕಾಮಿಲ್ ಬಗ್ಗೆ ಬರೆದರು. ಆ ಹೊತ್ತಿಗೆ ಪ್ರಧಾನಿಯಾಗಿದ್ದ ಬುತ್ರೋಸ್ ಘಾಲಿಯನ್ನು 1910ರಲ್ಲಿ ಇಬ್ರಾಹಿಂ ಅಲ್-ವರ್ದಾನಿ ಎಂಬ ಯುವಕ ಗುಂಡಿಟ್ಟು ಕೊಂದ. ಅವನ ಪರ ವಾದಿಸಲು ನಿಂತವರಲ್ಲಿ ಹಿಲ್ಬಾವಿಯೂ ಇದ್ದ. ದೆನ್ಶವಾಯಿಯ ಕಟುಕ ಎಂಬ ಹೆಸರು ಮಾತ್ರ ಅವನನ್ನು ಬಿಡಲಿಲ್ಲ.

ಸಾಹಿತ್ಯದಲ್ಲಿ ಉಳಿದದ್ದು ಹೆಚ್ಚು ಕಾಲ ಬಾಳಿತು. ಮಹಮೂದ್ ತಾಹಿರ್ ಹಕ್ಕಿ ಎಂಬ ಲೇಖಕ ಘಟನೆ ನಡೆದ ಕೆಲವೇ ತಿಂಗಳಲ್ಲಿ, 1906ರಲ್ಲೇ, ದೆನ್ಶವಾಯಿಯ ಕನ್ಯೆ ಎಂಬ ಕಾದಂಬರಿ ಬರೆದ. ಅರಬ್ಬಿಯ ಮೊದಲ ಕಾದಂಬರಿ ಎಂದು ಹಲವರು ಹೇಳುವ ಜೈನಬ್‌ಗಿಂತ ಅದು ಏಳು ವರ್ಷ ಹಿಂದಿನದು. ಹಳ್ಳಿಯ ರೈತರು ತಮ್ಮ ಆಡುಮಾತಿನಲ್ಲಿ ಮಾತಾಡುವುದು ಅದರ ಒಂದು ಹೆಚ್ಚುಗಾರಿಕೆ. ಕೋರ್ಟಿನಲ್ಲಿ ದುಭಾಷಿಯ ಬಾಯಿಂದ ಹೊರಬಂದ ಮಾತು ಕಾದಂಬರಿಯಲ್ಲಿ ಅವರದೇ ಬಾಯಿಗೆ ಮರಳಿತು. ಐದು ದಶಕಗಳ ಮೇಲೆ ಸಲಾಹ್ ಅಬ್ದುಲ್ ಸಬೂರ್ ಜಹ್ರಾನ್‌ನ ಗಲ್ಲಿನ ಬಗ್ಗೆ ಬರೆದ ಕವಿತೆ ಹೊಸ ಅರಬ್ಬಿ ಕಾವ್ಯದ ಮುಖ್ಯ ಕವಿತೆಗಳಲ್ಲಿ ಒಂದು. ದೆನ್ಶವಾಯಿಗೆ ಹತ್ತಿರದ ಮೀತ್ ಅಬುಲ್ ಕೋಮ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಮನೆಯ ಹೆಂಗಸರ ಬಾಯಲ್ಲಿ ಜಹ್ರಾನ್‌ನ ಲಾವಣಿ ಕೇಳುತ್ತ ಬೆಳೆದ ಹುಡುಗನೊಬ್ಬ ಮುಂದೆ ದೇಶದ ಅಧ್ಯಕ್ಷನಾದ, ಅನ್ವರ್ ಸಾದಾತ್. ತನ್ನ ಆತ್ಮಕಥೆಯಲ್ಲಿ ಆತ ಇದನ್ನು ನೆನೆಯುತ್ತಾನೆ. ಊರಿನಲ್ಲೀಗ ಒಂದು ವಸ್ತುಸಂಗ್ರಹಾಲಯ ಇದೆ.

ಇಷ್ಟೆಲ್ಲ ಓದಿದ ಮೇಲೆ ಅಪ್ಪನಿಗೊಂದು ಫೋನು ಮಾಡಿದೆ. 2019ರ ತಿದ್ದುಪಡಿಯ ನಂತರ ನಮ್ಮ ಆಯುಧ ಕಾಯ್ದೆಯಲ್ಲಿ ಹೊಸದೊಂದು ಕಲಂ ಇದೆ, ಬೇಜವಾಬ್ದಾರಿಯಿಂದಲೋ ಸಂಭ್ರಮಕ್ಕೋ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಎಂದೆ. ಯಾರಿಗೂ ಏನೂ ಆಗಿರಬೇಕಿಲ್ಲ, ಅಪಾಯ ಆಗುವಂತಿದ್ದರೆ ಸಾಕು ಎಂದು ಒತ್ತಿ ಹೇಳಿದೆ. ಅಪ್ಪ ಕೇಳಿಸಿಕೊಂಡರು. "ಬರೆದು ಕಳ್ಸು," ಅಂದರು. ದೂರಿನ ಪತ್ರ ಬರೆದು ಕಳಿಸಿದೆ, ತಾರೀಕು, ಹೊತ್ತು, ಕಣಕ್ಕೂ ಬೇಲಿಗೂ ಇರುವ ದೂರ ಎಲ್ಲ ಸೇರಿಸಿ. ಅದಕ್ಕೆ ಅಪ್ಪನ ಸಹಿ ಬೇಕಿತ್ತು.

ಅಪ್ಪ ಸಹಿ ಹಾಕಿದರು, ಆದರೆ ಠಾಣೆಗೆ ಒಯ್ಯಲಿಲ್ಲ. ಮೇಲಿನ ತೋಟದ ದಾರಿಯಲ್ಲೇ ನಮ್ಮ ಗೊಬ್ಬರದ ಪಿಕಪ್ ಬರಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಲೈನ್‌ಮನ್ ಕರೆಸುವವರು ಅವರೇ. ಅಜ್ಜಿ ತೀರಿಕೊಂಡಾಗ ಮೊದಲು ಬಂದದ್ದೂ ಅವರೇ. ಒಂದು ಸಂಜೆ ಅಪ್ಪ ಆ ಪತ್ರವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವರ ಮನೆಗೆ ಹೋದರಂತೆ. ಪತ್ರ ಹೊರಗೆ ತೆಗೆಯಲಿಲ್ಲ. "ಸಾಹುಕಾರ್ರೇ, ಹುಡುಗ್ರು ಹೊಡ್ಕೊಳ್ಲಿ, ಬೇಡ ಅನ್ನಲ್ಲ. ಬಾಟ್ಲಿ ಮಾತ್ರ ಆ ಕಡೆ ದರೆಗೆ ಇಡ್ಸಿ. ಗುಂಡು ಮಣ್ಣಿಗೆ ಹೋಗುತ್ತೆ," ಅಂದರಂತೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಆಯ್ತು ನೋಡೋಣ ಎಂದರಂತೆ.

ಈ ಸಲ ಕೊಯ್ಲಿಗೆ ಹೋದಾಗ ನೋಡಿದೆ. ಬೇಲಿಯ ಮೇಲೆ ಬಾಟಲಿ ಇರಲಿಲ್ಲ. ದರೆಯ ಬುಡದಲ್ಲಿ ಒಡೆದ ಗಾಜು ಬಿದ್ದಿತ್ತು. ಶನಿವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಮೇಲೆ ಮೊದಲ ಈಡು ಕೇಳಿತು. ಅಮ್ಮ ಕಣದಲ್ಲಿರಲಿಲ್ಲ. ಶನಿವಾರದ ಕಾಫಿಯನ್ನು ಹನ್ನೆರಡರ ಒಳಗೆ ಕೈಯಾಡಿಸಿ ಮುಗಿಸುತ್ತೇನೆ ಎಂದರು. ದೂರಿನ ಪತ್ರ ದೇವರಮನೆಯ ಗೂಡಿನಲ್ಲಿ, ಕರೆಂಟು ಬಿಲ್ಲುಗಳ ಕೆಳಗಿದೆ.